‘ಚಂದ ಅದ, ಆದ್ರ ಯಾರದೋ ಚಿತ್ರದಂಗ ಕಾಣ್ತದ’

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು. ಬಿ.ಕಾಂ. ಮುಗಿಸಿದ್ದೇನೆ. ಮನೆಯಲ್ಲಿ ಅಪ್ಪನ ಮಗ್ಗವಿದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಪಾಸಾದದ್ದು ಬಿಟ್ಟರೆ ಚಿತ್ರಕಲೆಯನ್ನು ಕ್ರಮವಾಗಿ ಕಲಿತಿಲ್ಲ. ಈಗ ಟ್ಯಾಬ್‌ನಲ್ಲಿ ಚಿತ್ರ ಬರೆದು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತೇನೆ. ಅಲ್ಲಿ ನೋಡಿದ ಪ್ರಕಾಶಕರೊಬ್ಬರು ಮಕ್ಕಳ ಕಥೆಯೊಂದಕ್ಕೆ ಚಿತ್ರ ಕೇಳಿದ್ದಾರೆ. ಅಜ್ಜಿ, ಮೊಮ್ಮಗಳು ಸಂತೆಗೆ ಹೋಗಿ ಬರುವ ಕಥೆ. ಮಾದರಿ ಚಿತ್ರ ನೋಡಿದವರೆಲ್ಲ ‘ಚಂದ ಅದ, ಆದ್ರ ಯಾರದೋ ಚಿತ್ರದಂಗ ಕಾಣ್ತದ’ ಅನ್ನುತ್ತಾರೆ. ನನ್ನದೇ ಶೈಲಿ ಬರುವುದು ಹೇಗೆ? ಪ್ರೇರಣೆ ಎಲ್ಲಿ ಹುಡುಕಲಿ? ಇದಕ್ಕೆ ಬೆಂಗಳೂರಿಗೇ ಹೋಗಬೇಕೇ? ಎಐ ಬಂದಿರುವಾಗ ಈ ದಾರಿ ಹಿಡಿಯುವುದು ಸರಿಯೇ? ಚಿತ್ರಗಳನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಚಿತ್ರಗಳನ್ನು ನೋಡಿದೆ. ಕೈ ಚೆನ್ನಾಗಿದೆ. ಗೆರೆಯಲ್ಲಿ ಅಂಜಿಕೆ ಇಲ್ಲ, ಮೊಮ್ಮಗಳ ಮುಖದಲ್ಲಿ ಹುಮ್ಮಸ್ಸು ಕಾಣುತ್ತದೆ, ಬಣ್ಣ ಅತಿಯಾಗಿಲ್ಲ. ಆದ್ದರಿಂದ ಮೊದಲು ಧೈರ್ಯ ತಂದುಕೊಳ್ಳಿ. ಆದರೆ ನೋಡಿದವರು ಹೇಳಿದ್ದರಲ್ಲೂ ಹುರುಳಿದೆ. ನಿಮ್ಮ ಅಜ್ಜಿಗೆ ಬೆಳ್ಳನೆಯ ತುರುಬು, ದುಂಡು ಕನ್ನಡಕ, ಕೈಯಲ್ಲಿ ಕೋಲು. ಹಿಂದೆ ಹಸಿರು ಗುಡ್ಡ, ತೆಂಗಿನ ಮರ, ಇಳಿಜಾರು ಹೆಂಚಿನ ಮನೆ. ಗದಗಿನ ಎರಿಹೊಲದ ಬಯಲಿನಲ್ಲಿ ಬೆಳೆದ ನಿಮಗೆ ಈ ಊರು ಸಿಕ್ಕಿದ್ದು ಫೋನಿನಲ್ಲಿ. ಅಲ್ಲಿ ಅದೇ ಅಜ್ಜಿಯನ್ನು, ಅದೇ ಗುಡ್ಡವನ್ನು ನೂರಾರು ಮಂದಿ ಬರೆದಿದ್ದಾರೆ. ಅವರ ಪೈಕಿ ಮುಕ್ಕಾಲು ಜನ ಇನ್ನೊಬ್ಬರನ್ನು ನೋಡಿ ಬರೆದವರು.

ಶೈಲಿಯನ್ನು ನಾನು ಹೀಗೆ ತಿಳಿದಿದ್ದೇನೆ: ಯಾರಿಗೋ ಒಂದು ತೊಡಕು ಎದುರಾಯಿತು, ಅದನ್ನು ಬಿಡಿಸಿಕೊಳ್ಳಲು ಅವರು ಕಂಡುಕೊಂಡ ದಾರಿಯೇ ಅವರ ಶೈಲಿಯಾಯಿತು. ತೊಡಕು ಏನಿತ್ತೆಂದು ಕೇಳದೆ ದಾರಿಯನ್ನಷ್ಟೇ ಎತ್ತಿಕೊಂಡರೆ ಚಿತ್ರ ಎರವಲಾಗಿ ಕಾಣುತ್ತದೆ. ಹಾಗಾಗಿ ಪ್ರೇರಣೆಗೆಂದು ಒಂದು ಚಿತ್ರದ ಮುಂದೆ ಕೂತಾಗ ‘ಎಷ್ಟು ಚಂದ’ ಎಂದು ಮುಂದೆ ಹೋಗಬೇಡಿ. ಇದು ಯಾಕೆ ಹೀಗಿದೆ ಎಂದು ಕೇಳಿ. ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವ ವಸ್ತುಗಳು ಬೇಕಾದಷ್ಟಿವೆ.

ಹಳೆಯ ಪತ್ರಿಕೆಗಳಿಂದ ಶುರುಮಾಡೋಣ. ‘ಕರ್ಮವೀರ’ 1921ರಲ್ಲಿ ಧಾರವಾಡದಲ್ಲಿ ಹುಟ್ಟಿತು, ‘ಕಸ್ತೂರಿ’ 1956ರಲ್ಲಿ ಹುಬ್ಬಳ್ಳಿಯಲ್ಲಿ. ಹಳೆ ಪುಸ್ತಕದ ಅಂಗಡಿಯಲ್ಲೋ ಯಾರದಾದರೂ ಮನೆಯ ಅಟ್ಟದಲ್ಲೋ ಆ ಕಾಲದ ಪತ್ರಿಕೆಗಳು ಸಿಕ್ಕರೆ ಕಥೆಗಳ ಜೊತೆ ಬಂದ ಚಿತ್ರಗಳನ್ನು ನೋಡಿ. ಬರೀ ಕಪ್ಪು ಗೆರೆ. ನೆರಳಿಗೆ ಒತ್ತೊತ್ತಾಗಿ ಎಳೆದ ಓರೆ ಗೆರೆಗಳು, ಇಲ್ಲವೇ ಗಟ್ಟಿ ಕಪ್ಪು. ಬೂದು ಬಣ್ಣವೇ ಇಲ್ಲ. ಅದಕ್ಕೆ ಕಾರಣ ಸತುವಿನ ಬ್ಲಾಕು. ಕಲಾವಿದ ಇಂಡಿಯನ್ ಇಂಕಿನಲ್ಲಿ ದೊಡ್ಡದಾಗಿ ಬರೆದ ಚಿತ್ರದ ಫೋಟೋ ತೆಗೆದು, ಕಿರಿದು ಮಾಡಿ, ಸತುವಿನ ತಗಡಿನ ಮೇಲೆ ಇಳಿಸುತ್ತಿದ್ದರು. ಬಿಳಿ ಜಾಗವನ್ನು ಆಸಿಡ್ ತಿನ್ನುತ್ತಿತ್ತು, ಕಪ್ಪು ಗೆರೆ ಮಾತ್ರ ಎದ್ದು ನಿಲ್ಲುತ್ತಿತ್ತು. ಮಸಿ ಹತ್ತುವುದು ಆ ಎದ್ದ ಗೆರೆಗೆ. ಅಂದರೆ ಅಲ್ಲಿ ಕಪ್ಪು ಇರಬೇಕು, ಇಲ್ಲಾ ಬಿಳಿ ಇರಬೇಕು, ನಡುವಿನದು ಇಲ್ಲ. ಬೂದು ಬೇಕಾದರೆ ಚುಕ್ಕಿಗಳ ಹಾಫ್‌ಟೋನ್ ಬ್ಲಾಕು ಮಾಡಿಸಬೇಕು, ಅದು ಒರಟು ನ್ಯೂಸ್‌ಪ್ರಿಂಟ್ ಕಾಗದದ ಮೇಲೆ ಮಸಿ ಕಲಸಿಕೊಂಡು ಕೆಡುತ್ತಿತ್ತು. ಗೆರೆಗಳು ತೀರಾ ಹತ್ತಿರವಾದರೂ ಮಸಿ ತುಂಬಿ ಒಂದಾಗುತ್ತಿದ್ದವು. ಅದಕ್ಕೇ ಆ ಚಿತ್ರಕಾರರು ಗೆರೆಗಳ ನಡುವೆ ಗಾಳಿ ಬಿಟ್ಟರು, ಮುಖದ ಅರ್ಧವನ್ನು ಬರೆಯದೇ ಬಿಟ್ಟರು, ಉಳಿದದ್ದನ್ನು ಓದುಗನ ಕಣ್ಣಿಗೆ ಒಪ್ಪಿಸಿದರು. ಇಂದು ನಮಗೆ ಸೊಗಸಾಗಿ ಕಾಣುವ ಆ ಮಿತವ್ಯಯ ಹುಟ್ಟಿದ್ದು ಅಚ್ಚಿನ ಮನೆಯಲ್ಲಿ.

ಅಂಥ ಒಂದು ಚಿತ್ರ ಆರಿಸಿಕೊಂಡು ಕಾಗದದ ಮೇಲೆ, ನಿಬ್ಬಿನ ಪೆನ್ನಿನಲ್ಲಿ ನಕಲು ಮಾಡಿ. ಟ್ಯಾಬ್ ಬೇಡ. ಎಳೆದ ಗೆರೆಯನ್ನು ಹಿಂದೆ ತೆಗೆದುಕೊಳ್ಳಲಾಗದು ಎಂಬ ಭಯ ಕೈಗೆ ಕಲಿಸುವುದನ್ನು ಇನ್ನಾವುದೂ ಕಲಿಸದು. ನಕಲು ಕಲಿಕೆಯ ಹಳೆಯ, ಮರ್ಯಾದೆಯ ದಾರಿ. ಆದರೆ ನಕಲನ್ನು ಡ್ರಾಯರಿನಲ್ಲಿಡಿ, ನಿಮ್ಮ ಹೆಸರು ಹಾಕಿ ಇನ್‌ಸ್ಟಾಗ್ರಾಂಗೆ ಏರಿಸಬೇಡಿ.

ಎರಡನೆಯದು ಕಸೂತಿ. ಧಾರವಾಡದ ಕಸೂತಿಯನ್ನು ನೀವು ಸೀರೆಯ ಮೇಲೆ ನೋಡಿಯೇ ಇರುತ್ತೀರಿ. ಇನ್ನು ಮೇಲೆ ತಿರುವಿ ನೋಡಿ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಟಾಕಿ ಬಿಟ್ಟು ಒಂದು ಟಾಕಿ ಹಾಕುತ್ತ ಮುಂದೆ ಹೋಗುತ್ತದೆ, ವಾಪಸ್ ಬರುವಾಗ ಬಿಟ್ಟ ಜಾಗವನ್ನು ತುಂಬುತ್ತ ಬರುತ್ತದೆ. ಅದಕ್ಕೇ ಬಟ್ಟೆಯ ಎರಡೂ ಬದಿಗೆ ಒಂದೇ ಚಿತ್ತಾರ. ಗಂಟು ಕಾಣುವಂತಿಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳುವ ಪದ್ಧತಿಯೂ ಇಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ಮುರಗಿ, ನೇಯ್ಗೆ, ಮೆಂತೆ ಎಂಬ ಉಳಿದ ಹೊಲಿಗೆಗಳಿಗೂ ಎಣಿಕೆಯೇ ಆಧಾರ. ಇದರ ಪರಿಣಾಮ ನೋಡಿ: ಅಡ್ಡ, ಉದ್ದ, ಓರೆ ಗೆರೆಗಳು ಮಾತ್ರ ಸಾಧ್ಯ. ಬಾಗಿದ ಗೆರೆಯೇ ಇಲ್ಲದೆ ಆನೆ ಆಗಬೇಕು, ನವಿಲು ಆಗಬೇಕು, ತೇರು, ಗೋಪುರ, ತುಳಸಿಕಟ್ಟೆ, ಪಲ್ಲಕ್ಕಿ ಎಲ್ಲ ಆಗಬೇಕು.

ಹೆಸರೇ ಗೊತ್ತಿಲ್ಲದ ನಮ್ಮ ಹೆಣ್ಣುಮಕ್ಕಳು ಈ ತೊಡಕನ್ನು ಹೇಗೆ ದಾಟಿದರೆಂದು ನೋಡುವಾಗ ನನಗೆ ಪ್ರತಿ ಸಲ ಗೌರವ ಹೆಚ್ಚುತ್ತದೆ. ಅಂಬಾರಿ ಹೊತ್ತ ಕಸೂತಿಯ ಆನೆಯಲ್ಲಿ ಚರ್ಮದ ಸುಕ್ಕಿಲ್ಲ, ಮೈಯ ನೆರಳಿಲ್ಲ. ಬೆನ್ನಿನ ಅಗಲ, ಕಂಬದಂಥ ಕಾಲು, ಇಳಿಬಿಟ್ಟ ಸೊಂಡಿಲು, ಮೇಲೆ ಅಂಬಾರಿ. ಇಷ್ಟೇ ಸಾಕು, ಅದು ಆನೆಯೇ. ಯಾವುದನ್ನು ಬಿಟ್ಟರೆ ಆನೆ ಆನೆಯಾಗಿ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಎಮ್ಮೆಯಾಗಿಬಿಡುತ್ತದೆ ಎಂಬ ವಿವೇಕ ಅದು. ಮಕ್ಕಳ ಪುಸ್ತಕಕ್ಕೆ ಬರೆಯುವವರಿಗೆ ಬೇಕಾದದ್ದೂ ಅದೇ. ಒಂದು ಚೌಕದ ಹಾಳೆ ತಗೊಂಡು ನಿಮ್ಮ ಕಥೆಯ ಅಜ್ಜಿಯನ್ನು ಬಾಗಿದ ಗೆರೆಯಿಲ್ಲದೆ ಬರೆಯಲು ನೋಡಿ. ಕಸೂತಿಯ ಅಂಚನ್ನು ತಂದು ಪುಟದ ಸುತ್ತ ಅಲಂಕಾರಕ್ಕೆ ಅಂಟಿಸಿ ‘ಉತ್ತರ ಕರ್ನಾಟಕದ ಸೊಗಡು’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಆ ವಿವೇಕ ನಿಮ್ಮ ಗೆರೆಗೆ ಇಳಿದರೆ ಸಾಕು, ಅಂಚು ಬೇಕಾಗಿಯೇ ಇಲ್ಲ.

ಮಗ್ಗದ ಮನೆಯವರಾದ ನಿಮಗೆ ಇದು ಉಳಿದವರಿಗಿಂತ ಬೇಗ ತಿಳಿಯಬೇಕು. ಹಾಸು ಹೊಕ್ಕಿನ ನಡುವೆ ಅಂಚಿನ ವಿನ್ಯಾಸ ಹೇಗೆ ಮೂಡುತ್ತದೆ, ಚೌಕದ ಕಾಗದದ ಒಂದೊಂದು ಮನೆ ಹೇಗೆ ಎಳೆಯಾಗುತ್ತದೆ ಎಂದು ಅಪ್ಪನನ್ನು ಕೂತು ಕೇಳಿ. ನವಲಗುಂದದ ಜಮಖಾನೆಯ ನವಿಲೂ ಇದೇ ಎಣಿಕೆಯಲ್ಲಿ ಹುಟ್ಟಿದ್ದು. ಬಣ್ಣದ ವಿಷಯದಲ್ಲೂ ನೇಕಾರರ ಕಣ್ಣು ಚುರುಕು. ಒಂದು ಬಣ್ಣದ ಎಳೆ ಇನ್ನೊಂದನ್ನು ದಾಟಿದಾಗ ದೂರದಿಂದ ಮೂರನೆಯ ಬಣ್ಣ ಕಾಣುತ್ತದೆ ಎಂಬುದು ಅವರಿಗೆ ದಿನನಿತ್ಯದ ಸಂಗತಿ. ನೀವು ಪತ್ರದಲ್ಲಿ ‘ಮನೆಯಲ್ಲಿ ಮಗ್ಗವಿದೆ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದಿರಿ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಅದೇ ದೊಡ್ಡ ಸುದ್ದಿ.

ಲಕ್ಕುಂಡಿಯ ಹಳೆಯ ಗುಡಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಆ ಊರು ನಿಮಗೆ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಈ ಕಡೆಯ ಶಿಲ್ಪಿಗಳು ಮೆದುವಾದ ಬಳಪದ ಕಲ್ಲನ್ನು ಹಿಡಿದರು. ಉಳಿ ಆಳಕ್ಕೆ ಇಳಿಯತೊಡಗಿತು, ಕಂಬಗಳನ್ನು ತಿರುಗಣಿಗೆ ಕೊಟ್ಟು ನುಣುಪು ಮಾಡಲು ಬಂತು, ಬಾಗಿಲವಾಡದ ಬಳ್ಳಿಗಳು ಬೆರಳಿನಷ್ಟು ಸಣ್ಣವಾದವು. ಕಲ್ಲು ಬದಲಾಯಿತು, ಗೆರೆ ಬದಲಾಯಿತು. ಕಾಶಿವಿಶ್ವೇಶ್ವರ ಗುಡಿಯಲ್ಲಿ ಕೂತು ಇಡೀ ಗುಡಿ ಬರೆಯಲು ಹೋಗಬೇಡಿ. ಬಾಗಿಲವಾಡದ ಒಂದೇ ಪಟ್ಟಿ ಆರಿಸಿ, ಶಿಲ್ಪಿ ನೂರು ಏಟಿನಲ್ಲಿ ಹೇಳಿದ್ದನ್ನು ಹತ್ತು ಗೆರೆಯಲ್ಲಿ ಹೇಳಲಾದೀತೇ ನೋಡಿ. ಅಲ್ಲಿಯವರೆಗೆ ಹೋಗಲಾಗದ ದಿನ ಗದಗಿನಲ್ಲೇ ತ್ರಿಕೂಟೇಶ್ವರದ ಆವರಣದ ಸರಸ್ವತಿ ಗುಡಿಯ ಕಂಬಗಳಿವೆ.

ಇನ್ನು ನಿಮ್ಮ ಅಜ್ಜಿಯ ಹತ್ತಿರ ಬರೋಣ, ನಿಮ್ಮ ಈಗಿನ ಕೆಲಸ ನಿಂತಿರುವುದು ಅವಳ ಮೇಲೆ.

ಸಂತೆಯ ದಿನ ಒಂದು ಸಣ್ಣ ವಹಿ, ಒಂದು ಪೆನ್ನು ಹಿಡಿದು ಒಂದು ಬದಿಗೆ ಕೂಡಿ. ಫೋಟೋ ತೆಗೆದುಕೊಂಡು ಮನೆಗೆ ಬಂದು ಬರೆಯುವುದು ಬೇಡ. ಫೋಟೋದಲ್ಲಿ ಎಲ್ಲವೂ ಒಂದೇ ತೂಕದ್ದು, ಕಣ್ಣು ಆರಿಸಿಕೊಳ್ಳುವುದಿಲ್ಲ. ಮೊದಲು ನೀವು ಗಮನಿಸುವುದು: ನಮ್ಮ ಕಡೆಯ ವಯಸ್ಸಾದ ಹೆಣ್ಣುಮಗಳು ತಲೆಯ ಮೇಲೆ ಸೆರಗು ಹೊದ್ದಿರುತ್ತಾಳೆ, ತುರುಬು ಕಾಣುವುದೇ ಇಲ್ಲ. ನೆತ್ತಿಯಿಂದ ಭುಜದವರೆಗೆ ಒಂದೇ ಗೆರೆ ಇಳಿಯುತ್ತದೆ, ಕುತ್ತಿಗೆ ಮರೆಯಾಗುತ್ತದೆ. ಮುಖ ಆ ಸೆರಗಿನ ಚೌಕಟ್ಟಿನೊಳಗಿದೆ. ಇಳಕಲ್ ಸೀರೆಯಾದರೆ ಮೈ ಮೇಲೆ ಸಣ್ಣ ಗೀಟು ಅಥವಾ ಚೌಕಡಿ, ಅಗಲ ಅಂಚು, ಸೆರಗಿಗೆ ತೋಪ ತೆನೆ ಎಂಬ ಕೆಂಪು ಬಿಳುಪಿನ ಚಿತ್ತಾರ. ಆ ಕೆಂಪು ತಲೆಯ ಮೇಲೇ ಬಂದು ಕೂತಿದೆಯಲ್ಲ, ಪುಟದ ಮೇಲೆ ಮಗುವಿನ ಕಣ್ಣು ಮೊದಲು ಹೋಗುವ ಜಾಗ ಅದೇ. ಜನಜಂಗುಳಿಯ ಸಂತೆಯಲ್ಲಿ ಅಜ್ಜಿ ಎಲ್ಲಿದ್ದಾಳೆಂದು ಹುಡುಕುವ ಪುಟ ನಿಮ್ಮ ಕಥೆಯಲ್ಲಿದ್ದರೆ ಈ ಕೆಂಪು ಎಷ್ಟು ಕೆಲಸ ಮಾಡೀತು ಯೋಚಿಸಿ. ತೊಟ್ಟದ್ದು ಗುಳೇದಗುಡ್ಡದ ಖಣದ ಕುಪ್ಪಸವಾದರೆ ತೋಳಿನ ಹತ್ತಿರ ಇನ್ನೊಂದು ಬಣ್ಣ ಸಿಕ್ಕಿತು.

ಬುಟ್ಟಿ ಹೊತ್ತಾಗ ನೋಡಿ. ನಿಮ್ಮ ಚಿತ್ರದಲ್ಲಿ ಬುಟ್ಟಿ ನೇರವಾಗಿ ತಲೆಯ ಮೇಲೆ ಕೂತಿದೆ. ಅಲ್ಲಿ ಸಿಂಬಿ ಎಲ್ಲಿ? ಸುತ್ತಿದ ಅರಿವೆಯ ಆ ಉಂಗುರ ತಲೆ ಮತ್ತು ಬುಟ್ಟಿಯ ನಡುವೆ ಎರಡು ಬೆರಳಿನ ಜಾಗ ಮಾಡುತ್ತದೆ. ಅದನ್ನು ಬರೆದ ಕೂಡಲೇ ಬುಟ್ಟಿಗೆ ಭಾರ ಬರುತ್ತದೆ. ಭಾರ ಹೊತ್ತವಳ ಗದ್ದ ಕೆಳಗಿಳಿಯುವುದಿಲ್ಲ, ಕುತ್ತಿಗೆ ನೆಟ್ಟಗೆ, ಕಣ್ಣು ಮುಂದಕ್ಕೆ, ಹೆಜ್ಜೆ ಸಣ್ಣದು. ಒಂದು ಕೈ ಬುಟ್ಟಿಯ ಅಂಚಿಗೆ ಹೋಗಿದ್ದರೆ ಇನ್ನೊಂದು ಬೀಸಿಕೊಂಡಿರುತ್ತದೆ. ಇಂಥವಳ ಕೈಯಲ್ಲಿ ಕೋಲು ಕೊಟ್ಟರೆ ಇಡೀ ನಡಿಗೆ ಸುಳ್ಳಾಗುತ್ತದೆ. ಸಂತೆಯಲ್ಲಿ ಕೂತ ಮೇಲೆ ಒಂದು ಮೊಣಕಾಲು ಮೇಲೆ, ಇನ್ನೊಂದು ಮಡಚಿ ನೆಲಕ್ಕೆ. ತೊಡೆಯ ಹತ್ತಿರ ಎಲೆ ಅಡಿಕೆಯ ಚಂಚಿ. ಪ್ರತಿ ಭಂಗಿಗೂ ಅರ್ಧ ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಮುಖ ಬರೆಯಬೇಡಿ, ಭಾರ ಎಲ್ಲಿ ನಿಂತಿದೆ ಎಂಬುದನ್ನಷ್ಟೇ ಬರೆಯಿರಿ. ವಹಿ ತುಂಬಿದ ಮೇಲೆ ಅದರೊಳಗಿಂದ ನಿಮ್ಮ ಅಜ್ಜಿ ತಾನಾಗಿಯೇ ಹೊರಬರುತ್ತಾಳೆ.

ಹಿನ್ನೆಲೆಯೂ ಹಾಗೆ. ಗದಗಿನ ಸುತ್ತ ನೆಲ ಕಪ್ಪು, ದಿಗಂತ ಚಪ್ಪಟೆ, ಮನೆಗಳಿಗೆ ಮಣ್ಣಿನ ಮಾಳಿಗೆ, ಮರವೆಂದರೆ ಬೇವು, ಬನ್ನಿ, ಜಾಲಿ. ದೂರಕ್ಕೆ ನೋಡಿದರೆ ಕಪ್ಪತಗುಡ್ಡದ ಸಾಲು. ಅದೇ ನೀವು ಹಾನಗಲ್, ಕಲಘಟಗಿ ಕಡೆ ಹೋದರೆ ಮಳೆ ಹೆಚ್ಚಿ ಹೆಂಚಿನ ಇಳಿಜಾರು ಮಾಡುಗಳು ಶುರುವಾಗುತ್ತವೆ, ಹಸಿರು ಗಾಢವಾಗುತ್ತದೆ. ಅಂದರೆ ನೀವು ಬರೆದ ಹೆಂಚಿನ ಮನೆ ಸುಳ್ಳಲ್ಲ, ಊರು ತಪ್ಪಿದೆ ಅಷ್ಟೇ. ಕಥೆ ಯಾವ ಊರಿನದೆಂದು ಲೇಖಕರನ್ನು ಕೇಳಿ. ಅವರು ಹೇಳದಿದ್ದರೆ ನೀವೇ ಒಂದು ಊರು ಗೊತ್ತುಮಾಡಿಕೊಳ್ಳಿ. ‘ಒಂದು ಹಳ್ಳಿ’ ಎಂಬ ಊರನ್ನು ಬರೆಯಲು ಯಾರಿಗೂ ಆಗುವುದಿಲ್ಲ.

ಭಂಗಿಗಳ ಅಧ್ಯಯನಕ್ಕೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೂ ಒಮ್ಮೆ ಹೋಗಿ ಬನ್ನಿ. ಚಿತ್ರಕಲಾವಿದರಾಗಿದ್ದ ಟಿ.ಬಿ. ಸೊಲಬಕ್ಕನವರ ಅಲ್ಲಿ ಈ ಭಾಗದ ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಆದರೆ ಅದು ಅವರ ಕಣ್ಣು ಕಂಡದ್ದು. ಅಲ್ಲಿ ಬರೆದದ್ದನ್ನು ನೇರ ಪುಸ್ತಕಕ್ಕೆ ತರದೆ, ಸಂತೆಯಲ್ಲಿ ಮತ್ತೆ ತಾಳೆ ನೋಡಿ.

ಬೆಂಗಳೂರಿನ ಪ್ರಶ್ನೆ. ಹೋಗಲೇಬೇಕೆಂದಿಲ್ಲ. ನಮ್ಮ ಭಾಗದಲ್ಲಿ ಕಲಾಶಿಕ್ಷಣ ಇಂದು ನಿನ್ನೆಯದಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ನಿಮ್ಮದೇ ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಲಾಶಾಲೆ ಕಟ್ಟಿ ಎಷ್ಟೋ ಚಿತ್ರಕಾರರನ್ನು, ಡ್ರಾಯಿಂಗ್ ಮಾಸ್ತರರನ್ನು ತಯಾರು ಮಾಡಿದರು. ಪದವಿಗೆ ಮತ್ತೆ ಸೇರುವ ಅನುಕೂಲ ನಿಮಗಿದ್ದರೆ ಒಳ್ಳೆಯದು. ಇಲ್ಲದಿದ್ದರೂ ಶರೀರರಚನೆ ಮತ್ತು ದೂರ ಹತ್ತಿರದ ಪರ್ಸ್ಪೆಕ್ಟಿವ್ ಇವೆರಡನ್ನು ಬಲ್ಲ ಗುರುವೊಬ್ಬರ ಹತ್ತಿರ ವಾರಕ್ಕೊಮ್ಮೆಯಾದರೂ ಕಲಿಯಿರಿ. ನಿಮ್ಮ ಸಂತೆಯ ಚಿತ್ರದಲ್ಲಿ ಹಿಂದಿನ ಸಾಲಿನ ಜನ ಮುಂದಿನವರಿಗಿಂತ ಎತ್ತರ ಕಾಣುತ್ತಾರೆ. ಇದನ್ನು ಕಣ್ಣೆದುರು ಕೂತು ತಿದ್ದುವವರು ಬೇಕು, ವಿಡಿಯೊ ನೋಡಿ ತಿದ್ದಿಕೊಳ್ಳುವುದು ಕಷ್ಟ. ಜೊತೆಗೆ ಇಬ್ಬರ ಕೆಲಸ ಹುಡುಕಿ ನೋಡಿ: ‘ಚಂದಮಾಮ’ಕ್ಕೆ ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ, ‘ಸುಧಾ’, ‘ಪ್ರಜಾವಾಣಿ’ಗಳಲ್ಲಿ ದೀರ್ಘಕಾಲ ಕಥೆ ಕವಿತೆಗಳಿಗೆ ಚಿತ್ರ ಬರೆದ ಚಂದ್ರನಾಥ ಆಚಾರ್ಯ. ಒಬ್ಬರದು ಮೈತುಂಬಿದ ಬಣ್ಣ, ಇನ್ನೊಬ್ಬರಲ್ಲಿ ಗೆರೆಯೇ ಯೋಚಿಸುತ್ತದೆ. ಇಬ್ಬರ ನಡುವೆ ಎಷ್ಟು ದೂರವಿದೆ ಎಂದು ತಿಳಿದರೆ ಕನ್ನಡದ ಪುಟದ ಹರಹು ತಿಳಿಯುತ್ತದೆ.

ಎಐ ಬಗ್ಗೆ ಹೆದರಿಕೆ ಸಹಜ. ಅದು ಕೋಟಿಗಟ್ಟಲೆ ಚಿತ್ರಗಳ ಸರಾಸರಿಯಿಂದ ಕಲಿತದ್ದು. ‘ಭಾರತದ ಹಳ್ಳಿಯ ಅಜ್ಜಿ’ ಎಂದು ಕೇಳಿದರೆ ಅದು ಕೊಡುವುದು ಹೆಚ್ಚುಕಡಿಮೆ ನೀವು ಕಳಿಸಿದ ಅಜ್ಜಿಯನ್ನೇ. ನಿಷ್ಠುರವಾಗಿ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಸರಾಸರಿ ಚಿತ್ರ ಬರೆಯುವವರ ಹೊಟ್ಟೆಪಾಡಿಗೆ ಅದು ಖಂಡಿತ ಕುತ್ತು ತರುತ್ತದೆ. ಸಿಂಬಿಯನ್ನು ನೋಡಿ ಬರೆದವಳನ್ನು ಪ್ರಕಾಶಕ ಹುಡುಕಿಕೊಂಡು ಬರುತ್ತಾನೆ ಎಂಬುದು ನನ್ನ ನಂಬಿಕೆ.

ಈಗ ಪುಸ್ತಕದ ಕೆಲಸ. ಮಕ್ಕಳ ಪುಸ್ತಕದ ಪುಟಗಳು ಸಾಮಾನ್ಯವಾಗಿ ಎಂಟು, ಹದಿನಾರರ ಲೆಕ್ಕದಲ್ಲಿರುತ್ತವೆ. ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ ಮಡಚಿ ಕತ್ತರಿಸುವುದರಿಂದ ಹಾಗೆ. ನಿಮ್ಮದು ಎಷ್ಟು ಪುಟ ಎಂದು ಮೊದಲೇ ಕೇಳಿ, ಒಂದೇ ಹಾಳೆಯ ಮೇಲೆ ಎಲ್ಲ ಪುಟಗಳನ್ನೂ ಬೆಂಕಿಪೊಟ್ಟಣದಷ್ಟು ಚೌಕಗಳಲ್ಲಿ ಬರೆದುಕೊಳ್ಳಿ. ಕುತೂಹಲದ ಚಿತ್ರ ಬಲಪುಟದಲ್ಲಿ ಮುಗಿದು, ಉತ್ತರ ಪುಟ ತಿರುವಿದ ಮೇಲೆ ಸಿಗಬೇಕು. ‘ಅಜ್ಜಿಗೆ ಮೊಣಕಾಲು ನೋವು’ ಎಂದು ಮಾತು ಹೇಳಿದ್ದರೆ ಚಿತ್ರದಲ್ಲಿ ಅಜ್ಜಿ ಮೊಣಕಾಲು ಹಿಡಿದುಕೊಂಡು ಕೂರಬೇಕಿಲ್ಲ. ಬರುವಾಗ ಬುಟ್ಟಿ ಮೊಮ್ಮಗಳ ತಲೆಯ ಮೇಲಿದ್ದರೆ ಸಾಕು. ಮಾತು ಹೇಳದ್ದನ್ನು ಹೇಳಲು ಅಲ್ಲವೇ ನಮ್ಮನ್ನು ಕರೆಯುವುದು!

ಕನ್ನಡಕ್ಕೆ ಚಿತ್ರ ಬರೆಯುವವರು ಇನ್ನೊಂದು ನೆನಪಿಡಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ನಮ್ಮ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಇಂಗ್ಲಿಷ್ ಪುಸ್ತಕ ನೋಡಿ ಅಷ್ಟೇ ಜಾಗ ಬಿಟ್ಟರೆ ಅಕ್ಷರ ಚಿತ್ರದ ಮೇಲೆ ಏರುತ್ತದೆ. ಕಥೆಯ ಸಾಲುಗಳನ್ನು ನಿಜವಾದ ಅಳತೆಯಲ್ಲಿ ಪುಟದ ಮೇಲಿಟ್ಟುಕೊಂಡೇ ಕರಡು ಬರೆಯಿರಿ. ಎ4 ಪುಟವಾದರೆ 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) 2480 × 3508 ಪಿಕ್ಸೆಲ್ ಬೇಕು, ಕತ್ತರಿಗೆಂದು ಸುತ್ತ 3 ಮಿಲಿಮೀಟರ್ ಹೆಚ್ಚುವರಿ. ಪರದೆಯ ಮೇಲೆ ಹೊಳೆಯುವ ನಿಮ್ಮ ಗಿಳಿಹಸಿರು ನಾಲ್ಕು ಬಣ್ಣದ ಅಚ್ಚಿನಲ್ಲಿ ಮಂಕಾಗುತ್ತದೆ. ಗದಗು ಅಚ್ಚಿನ ಮನೆಗಳಿಗೆ ಮೊದಲಿನಿಂದ ಹೆಸರಾದ ಊರು. ಯಾವುದಾದರೂ ಪ್ರೆಸ್ಸಿಗೆ ಹೋಗಿ ಒಂದು ಪುಟದ ಪ್ರೂಫ್ ತೆಗೆಸಿ, ಅದನ್ನು ಟ್ಯಾಬಿನ ಪಕ್ಕ ಇಟ್ಟು ಬಣ್ಣ ತಿದ್ದಿ. ಸತುವಿನ ಬ್ಲಾಕಿನ ಕಾಲದವರು ಯಾರಾದರೂ ಅಲ್ಲಿ ಸಿಕ್ಕರೆ ಬಿಡಬೇಡಿ, ಮಾತಾಡಿಸಿ. ಕಂಪ್ಯೂಟರಿನಲ್ಲಿ ಬರೆಯುವುದಾದರೆ ಕ್ರಿಟಾ (Krita) ಎಂಬ ತಂತ್ರಾಂಶ ಉಚಿತ, ಈ ಕೆಲಸಕ್ಕೆ ಸಾಕು.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದದ್ದು. ಒಪ್ಪಂದವನ್ನು ಬರಹದಲ್ಲಿ ಮಾಡಿಕೊಳ್ಳಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರ, ಭಾವಚಿತ್ರಗಳಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಹಾಗಾಗಿ ‘ಚಿತ್ರಗಳ ಕೃತಿಸ್ವಾಮ್ಯ ಕಲಾವಿದೆಯದು, ಪ್ರಕಾಶಕರಿಗೆ ಈ ಪುಸ್ತಕದಲ್ಲಿ ಅಚ್ಚು ಹಾಕುವ ಹಕ್ಕು ಮಾತ್ರ’ ಎಂಬ ಸಾಲು ಇರಲಿ. ಹಕ್ಕು ಬಿಟ್ಟುಕೊಡುವುದೇ ಆದರೂ ಅದು ಸಹಿ ಮಾಡಿದ ಬರಹದಲ್ಲಿರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಎಂದು 19ನೇ ಕಲಮು ಹೇಳುತ್ತದೆ. ಹಕ್ಕು ಮಾರಿದ ಮೇಲೂ ಇದು ನನ್ನ ಚಿತ್ರ ಎಂದು ಹೇಳಿಕೊಳ್ಳುವ, ನಿಮ್ಮ ಮಾನಕ್ಕೆ ಕುಂದು ತರುವಂತೆ ಅದನ್ನು ತಿರುಚಿದರೆ ಆಕ್ಷೇಪಿಸುವ ಅಧಿಕಾರ 57ನೇ ಕಲಮಿನಲ್ಲಿ ನಿಮಗುಳಿಯುತ್ತದೆ. ಮುಖಪುಟದಲ್ಲೋ ಒಳಪುಟದಲ್ಲೋ ನಿಮ್ಮ ಹೆಸರು ಎಲ್ಲಿ ಬರಬೇಕು, ಎಷ್ಟು ಸಲ ತಿದ್ದಿಕೊಡಬೇಕು, ಮುಂಗಡ ಎಷ್ಟು, ಇವೂ ಅದರಲ್ಲೇ ಇರಲಿ. ಹೊಸಬರು, ಹೆಣ್ಣುಮಕ್ಕಳು ಇದನ್ನೆಲ್ಲ ಕೇಳಲು ಸಂಕೋಚಪಡುತ್ತಾರೆ. ಒಳ್ಳೆಯ ಪ್ರಕಾಶಕರು ಇದನ್ನು ತಪ್ಪು ತಿಳಿಯುವುದಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಂಥ ಮುಕ್ತ ಜಾಲತಾಣಗಳಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಬಿಟ್ಟಿ ಓದಿ ಕಲಿಯಬಹುದು. ಆದರೆ ಅಲ್ಲಿ ನಿಮ್ಮ ಚಿತ್ರ ಏರಿಸಿದರೆ, ಹೆಸರು ಹೇಳಿ ಬೇರೆಯವರೂ ಅದನ್ನು ಬಳಸಬಹುದು ಎಂಬುದು ತಿಳಿದಿರಲಿ.

ಪ್ರಕಾಶಕರಿಗೆ ಈಗಿನ ಮಾದರಿ ಚಿತ್ರಗಳನ್ನು ಇನ್ನೂ ಕಳಿಸಿಲ್ಲವಾದರೆ ತಡೆಯಿರಿ. ಎರಡು ಮೂರು ಸಂತೆ ಬರೆದ ಮೇಲೆ ಅಜ್ಜಿಯ ಒಂದು ಪುಟವನ್ನು ಮಾತ್ರ, ಕಥೆಯ ಸಾಲುಗಳ ಸಮೇತ, ಹೊಸದಾಗಿ ಮಾಡಿ. ವಹಿಯ ಪುಟಗಳ ಜೊತೆ ಅದನ್ನು ನನಗೂ ಕಳಿಸಿಕೊಡಿ, ಖಂಡಿತ ನೋಡಿ ಬರೆಯುತ್ತೇನೆ.